ಏಳು ನೆಲೆಗಳ ಕೋಟೆ: ಆವಿಲದ ತೆರೇಸಾಳ ಗ್ರಂಥವೊಂದರ ವಿಮರ್ಶೆ

೧

ದೇವರೊಡನೆ ಮನುಷ್ಯನ ಸಂಬಂಧ ಗಾಢವಾಗುವುದೆಂದರೇನು? ಅದು ಗಾಢವಾಯಿತೆಂದು ಅರಿಯುವ ಬಗೆ ಯಾವುದು? ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಎಲ್ಲ ದೇಶಗಳ ಭಕ್ತಿಸಾಹಿತ್ಯವೂ ಧಾರಾಳವಾಗಿ ಉತ್ತರ ಕೊಡುತ್ತದೆ. ಎರಡನೆಯದು ಎದುರಾದಾಗ, ಅನುಭವಕ್ಕೆ ಅನುಭವವೇ ಪ್ರಮಾಣವೆಂದು ಹೇಳಿ ಅನೇಕರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗದೆ, ತನ್ನ ಅನುಭವವನ್ನೇ ಸಂಶಯದ ಕಣ್ಣಿನಿಂದ ನೋಡಿ, ಅದಕ್ಕೊಂದು ಒರೆಗಲ್ಲನ್ನು ಬಾಳೆಲ್ಲ ಹುಡುಕಿದ ಕ್ರೈಸ್ತ ಲೇಖಕರಲ್ಲಿ ಸ್ಪೇನ್ ದೇಶದ ಸಂನ್ಯಾಸಿನಿ, ಆವಿಲದ ತೆರೇಸಾ (೧೫೧೫–೧೫೮೨) ಮುಖ್ಯಳು. ಆಕೆ ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ ಬರೆದ 'ಅಂತರಂಗದ ಕೋಟೆ' ಪ್ರಸ್ತುತ ಲೇಖನದ ವಿಷಯ.

ತೆರೇಸಾಳ ಹೆಸರು ಕನ್ನಡ ನಾಡಿಗೆ ಹೊಸದಲ್ಲ. ಆಕೆ ಸುಧಾರಿಸಿದ ಕಾರ್ಮೆಲ್ ಸಭೆಯ ಕನ್ಯಾಮಠ ಮಂಗಳೂರಿನಲ್ಲಿ ೧೮೭೦ರಲ್ಲಿಯೇ ಸ್ಥಾಪಿತವಾಯಿತು. ೧೯೭೦ರಲ್ಲಿ ಪೋಪ್ ಆರನೆಯ ಪೌಲರು ಆಕೆಗೆ ಧರ್ಮಸಭೆಯ ಆಚಾರ್ಯ ಪದವಿಯನ್ನು ನೀಡಿದಾಗ, ಆ ಪದವಿಯನ್ನು ಪಡೆದ ಮೊದಲ ಸ್ತ್ರೀ ಆಕೆಯಾದಳು. ಇಷ್ಟಾದರೂ ಆಕೆಯನ್ನು ಓದಿದವರಿಗಿಂತ ನೋಡಿದವರು ಹೆಚ್ಚು. ರೋಮ್ ನಗರದ ಸಾಂತ ಮರಿಯ ದೆಲ್ಲ ವಿತ್ತೋರಿಯ ದೇವಾಲಯದಲ್ಲಿ ಶಿಲ್ಪಿ ಬೆರ್ನಿನಿ ೧೬೪೭ರಿಂದ ೧೬೫೨ರವರೆಗೆ ನಿರ್ಮಿಸಿದ ಅಮೃತಶಿಲೆಯ ಪ್ರತಿಮೆ ಜಗತ್ಪ್ರಸಿದ್ಧವಾದುದು. ಕಣ್ಮುಚ್ಚಿ, ಮೈಮರೆತು ಹಿಂದಕ್ಕೊರಗಿದ ಸಂನ್ಯಾಸಿನಿ. ಎದುರಿಗೆ ಬಾಣ ಹಿಡಿದು ಮುಗುಳ್ನಗುವ ದೇವದೂತ. ಆ ಪ್ರತಿಮೆಗೆ ಆಧಾರ ತೆರೇಸಾಳ ಆತ್ಮಚರಿತ್ರೆಯ ಇಪ್ಪತ್ತೊಂಬತ್ತನೆಯ ಅಧ್ಯಾಯವೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಒಂದು ಕ್ಷಣವನ್ನು ಕಲ್ಲಿನಲ್ಲಿ ನಿಲ್ಲಿಸಿದ ಕಲೆ ಆಕೆಯ ಬರಹಕ್ಕೆ ಒಂದು ಅಪಕಾರವನ್ನೂ ಮಾಡಿತು. ದೇವರ ಸಾಮೀಪ್ಯವೆಂದರೆ ಪರವಶತೆ, ಪರವಶತೆ ತೀವ್ರವಾದಷ್ಟೂ ಸಾಮೀಪ್ಯ ಅಧಿಕ ಎಂಬ ಭಾವನೆ ಆಕೆಯ ಹೆಸರಿಗೆ ಅಂಟಿಕೊಂಡಿತು.

'ಅಂತರಂಗದ ಕೋಟೆ'ಯನ್ನು ಕೊನೆಯ ಪುಟದವರೆಗೆ ಓದಿದವರಿಗೆ ಈ ಭಾವನೆ ನಿಲ್ಲದು. ಗ್ರಂಥದ ತುದಿಯಲ್ಲಿ ಪರವಶತೆ ಏರುವುದಿಲ್ಲ, ಇಳಿಯುತ್ತದೆ. ಅದು ಏಕೆ ಇಳಿಯಿತು, ಇಳಿದ ಮೇಲೆ ಉಳಿದುದೇನು ಎಂಬುದನ್ನು ಗ್ರಂಥದ ರಚನೆಯಿಂದಲೂ ಪ್ರತಿಮೆಗಳಿಂದಲೂ ತೋರಿಸುವುದು ಇಲ್ಲಿಯ ಉದ್ದೇಶ.

೨

ಗ್ರಂಥದ ಗುಣದೋಷಗಳನ್ನು ಎಣಿಸುವ ಮೊದಲು ಅದು ಹುಟ್ಟಿದ ಸನ್ನಿವೇಶವನ್ನು ಗಮನಿಸುವುದು ಅವಶ್ಯಕ. ೧೫೫೯ರಲ್ಲಿ ಸ್ಪೇನಿನ ಧರ್ಮವಿಚಾರಣಾ ಮಂಡಳಿ ನಿಷಿದ್ಧ ಗ್ರಂಥಗಳ ಪಟ್ಟಿಯೊಂದನ್ನು ಹೊರಡಿಸಿತು. ದೇಶಭಾಷೆಯಲ್ಲಿದ್ದ ಅನೇಕ ಧ್ಯಾನಗ್ರಂಥಗಳು ಅದರಲ್ಲಿ ಸೇರಿದುವು. ಲ್ಯಾಟಿನ್ ಬಲ್ಲ ಪಂಡಿತರಿಗೆ ಇದರಿಂದ ಹೆಚ್ಚಿನ ನಷ್ಟವಾಗಲಿಲ್ಲ. ಲ್ಯಾಟಿನ್ ಅರಿಯದ ಸ್ತ್ರೀಯರಿಗೆ ಪುಸ್ತಕದ ಬಾಗಿಲೇ ಮುಚ್ಚಿದಂತಾಯಿತು. ಓದಿನ ನೆರವಿಲ್ಲದೆ ಧ್ಯಾನ ಮಾಡಲು ಹಲವು ವರ್ಷ ಅಸಮರ್ಥಳಾಗಿದ್ದ ತೆರೇಸಾಳಿಗೆ ಇದು ಎಂತಹ ಪೆಟ್ಟಾಗಿರಬೇಕೆಂಬುದನ್ನು ನಾವು ಊಹಿಸಬಹುದು. ಆಕೆ ಬರೆಯತೊಡಗಿದುದು ಈ ಪಟ್ಟಿ ಹೊರಟ ಬಳಿಕ. ತನ್ನ ಸೋದರಿಯರ ಕೈಯಿಂದ ಕಸಿದುಕೊಂಡ ಪುಸ್ತಕಗಳ ಜಾಗದಲ್ಲಿ ಆಕೆ ತನ್ನ ಪುಸ್ತಕಗಳನ್ನಿಟ್ಟಳು ಎಂದರೆ ಅತಿಶಯೋಕ್ತಿಯಾಗದು.

ಆಕೆಯ ಮೇಲೆ ಸಂಶಯ ಬೀಳಲು ಬೇರೆ ಕಾರಣಗಳೂ ಇದ್ದುವು. ೧೯೪೬ರಲ್ಲಿ ಪ್ರಕಟವಾದ ಹಳೆಯ ವ್ಯಾಜ್ಯದ ದಾಖಲೆಗಳಿಂದ ಒಂದು ಸಂಗತಿ ಸ್ಪಷ್ಟವಾಗಿದೆ: ಆಕೆಯ ತಂದೆಯ ತಂದೆ ಯೆಹೂದ್ಯ ಮೂಲದ ವರ್ತಕ, ೧೪೮೫ರಲ್ಲಿ ತೊಲೆದೊ ನಗರದಲ್ಲಿ ಧರ್ಮವಿಚಾರಣಾ ಮಂಡಳಿಯ ಮುಂದೆ ಪ್ರಾಯಶ್ಚಿತ್ತ ಮಾಡಿಕೊಂಡವನು. ರಕ್ತಶುದ್ಧಿಯೇ ಮಾನವೆಂದು ಬಗೆಯುತ್ತಿದ್ದ ಸಮಾಜದಲ್ಲಿ ಈ ಮನೆತನದ ಹೆಣ್ಣುಮಗಳು, ಅದರಲ್ಲಿಯೂ ಗುರುಗಳ ಬಾಯಿಂದಲ್ಲದೆ ಸ್ವಂತ ಅನುಭವದಿಂದ ದೇವರ ಮಾತನ್ನಾಡುವವಳು, ಎಚ್ಚರದಿಂದ ಹೆಜ್ಜೆಯಿಡಬೇಕಾಗಿತ್ತು. ಆಕೆಯ ಗ್ರಂಥಗಳಲ್ಲಿ ಕುಲಗೌರವದ ಹಂಬಲ ಕಂಡಲ್ಲೆಲ್ಲ ಖಂಡನೆಗೆ ಗುರಿಯಾಗುವುದರ ಹಿಂದೆ ಈ ಇತಿಹಾಸವೂ ಇದೆಯೆಂದು ತೋರುತ್ತದೆ.

೧೫೭೭ರಲ್ಲಿ ಪರಿಸ್ಥಿತಿ ಮತ್ತಷ್ಟು ಬಿಗಡಾಯಿಸಿತ್ತು. ಆಕೆಯ ಆತ್ಮಚರಿತ್ರೆಯ ಹಸ್ತಪ್ರತಿ ಧರ್ಮವಿಚಾರಣಾ ಮಂಡಳಿಯ ವಶದಲ್ಲಿತ್ತು. ಕಾರ್ಮೆಲ್ ಸಭೆಯ ಹಿರಿಯರು ಆಕೆಯ ಸಂಚಾರವನ್ನು ತಡೆದು, ಒಂದೇ ಮಠದಲ್ಲಿ ನೆಲೆಸುವಂತೆ ಆಜ್ಞಾಪಿಸಿದ್ದರು. ಆಗ ತೊಲೆದೊದಲ್ಲಿದ್ದ ಆಕೆಗೆ ಗ್ರಾಸಿಯಾನ್ ಎಂಬ ಸಂನ್ಯಾಸಿ, ಹಿಂದಿನ ಗ್ರಂಥ ಕೈಗೆ ಸಿಗದಿರುವುದರಿಂದ, ಹೆಸರು ಹೇಳದೆ, ಬೇರೆಯವರ ವಿಷಯವೆಂಬಂತೆ, ಮತ್ತೊಂದು ಗ್ರಂಥವನ್ನು ಬರೆಯಲು ಸೂಚಿಸಿದನು. ತೆರೇಸಾ ಜೂನ್ ೨ರಂದು, ತ್ರಿತ್ವದ ಭಾನುವಾರ, ಬರೆಯಲು ಕುಳಿತಳು. ನವೆಂಬರ್ ೨೯ರಂದು ಆವಿಲದಲ್ಲಿ ಮುಗಿಸಿದಳು. ಬರೆದ ಭಾಗವನ್ನು ತಿರುಗಿ ಓದಲು ಬಿಡುವಿರಲಿಲ್ಲ. ಆರಂಭಿಸಿ ಐದು ತಿಂಗಳಾಗುತ್ತ ಬಂತೆಂದೂ, ಹಿಂದೆ ಹೇಳಿದ್ದನ್ನೇ ಮತ್ತೆ ಹೇಳುತ್ತಿರಬಹುದೆಂದೂ ಐದನೆಯ ನೆಲೆಯಲ್ಲಿ ಆಕೆಯೇ ಒಪ್ಪಿಕೊಳ್ಳುತ್ತಾಳೆ. ಗ್ರಂಥ ಮುಗಿದ ಕೆಲವೇ ದಿನಗಳಲ್ಲಿ ಆಕೆಯ ಸಹಚರನಾದ ಯೋಹಾನನನ್ನು (ಶಿಲುಬೆಯ ಯೋಹಾನನೆಂದು ಪ್ರಸಿದ್ಧನಾದ ಕವಿ) ವಿರೋಧಿಗಳು ಹಿಡಿದೊಯ್ದು ತೊಲೆದೊದಲ್ಲಿ ಸೆರೆಯಿಟ್ಟರು.

ಈ ಒತ್ತಡದಿಂದ ಗ್ರಂಥಕ್ಕೆ ದೊರೆತ ಲಾಭವೊಂದುಂಟು. ತನ್ನ ಅನುಭವವನ್ನು ತನಗೆ ಪರಿಚಿತಳಾದ ಯಾವಳೋ ಒಬ್ಬಳ ಅನುಭವವೆಂದು ಹೇಳಬೇಕಾಗಿ ಬಂದುದರಿಂದ, ಆಕೆ ತನ್ನನ್ನೇ ದೂರದಿಂದ ನೋಡಬೇಕಾಯಿತು. ಆತ್ಮಚರಿತ್ರೆಯಲ್ಲಿ ನಿವೇದನೆಯ ಆವೇಗವಿದೆ. ಇಲ್ಲಿ ಪರೀಕ್ಷಕಿಯ ತಾಳ್ಮೆಯಿದೆ. ಸಂಕೋಚದಿಂದ ತೊಟ್ಟ ಮುಸುಕು ವಿಮರ್ಶೆಯ ಸಾಧನವಾಯಿತು.

೩

ಸುಮಾರು ಹನ್ನೆರಡು ವರ್ಷಗಳ ಹಿಂದೆ ಪೂರ್ಣಗೊಳಿಸಿದ ಆತ್ಮಚರಿತ್ರೆಯಲ್ಲಿ ತೆರೇಸಾ ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವ ಕೆಲಸಕ್ಕೆ ಹೋಲಿಸಿದ್ದಳು. ಬಾವಿಯಿಂದ ಕೈಯಾರೆ ಸೇದುವುದು ಒಂದು. ಗಡಿಗೆಗಳನ್ನು ಕಟ್ಟಿದ ಗಾಲಿಯನ್ನು ತಿರುಗಿಸಿ ಎತ್ತುವುದು ಎರಡು. ಹೊಳೆಯಿಂದ ಹರಿಸುವುದು ಮೂರು. ಮಳೆ ಬಂದು ತಾನೇ ನೆನೆಯುವುದು ನಾಲ್ಕು. ಏತವನ್ನೂ ಕಪಿಲೆಯನ್ನೂ ಕಾಲುವೆಯನ್ನೂ ಕಂಡಿರುವ ನಮ್ಮ ಓದುಗರಿಗೆ ಈ ಹೋಲಿಕೆಗೆ ವ್ಯಾಖ್ಯಾನ ಬೇಡ. ಶ್ರಮ ಕಡಿಮೆಯಾಗುತ್ತ ಹೋದಂತೆ ನೀರು ಹೆಚ್ಚುತ್ತ ಹೋಗುತ್ತದೆ. ಮನುಷ್ಯಪ್ರಯತ್ನ ಹಿಂದೆ ಸರಿದಂತೆ ಕೃಪೆ ಮುಂದೆ ಬರುತ್ತದೆ.

ಚೆಲುವಾದ ಹೋಲಿಕೆ, ಆದರೆ ಇದರಲ್ಲಿ ಅಪಾಯವೊಂದು ಅಡಗಿದೆ. ನೀರಿನ ಪ್ರಮಾಣವೇ ಅಳತೆಗೋಲಾದರೆ, ಬತ್ತಿದ ಬಾವಿಯ ಮುಂದೆ ನಿಂತವನ ಗತಿಯೇನು? ಈ ಪ್ರಶ್ನೆ ತೆರೇಸಾಳಿಗೆ ಕೇವಲ ತರ್ಕದ ಪ್ರಶ್ನೆಯಾಗಿರಲಿಲ್ಲ. ಹದಿನೆಂಟು ವರ್ಷಗಳಿಗೂ ಮಿಕ್ಕ ಕಾಲ ಆಕೆಯ ಪ್ರಾರ್ಥನೆ ಒಣಗಿತ್ತು. ಪ್ರಾರ್ಥನೆಗೆಂದು ಕುಳಿತ ಗಂಟೆ ಯಾವಾಗ ಮುಗಿದೀತೆಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟ ದಿನಗಳಿದ್ದುವೆಂದು ಆಕೆ ಮರೆಮಾಚದೆ ಬರೆದಿದ್ದಾಳೆ. ನಡುವೆ ಕೆಲವು ಕಾಲ ಪ್ರಾರ್ಥನೆಯನ್ನೇ ಬಿಟ್ಟಿದ್ದಳು. ಪ್ರಾರ್ಥನೆಯೆಂದರೆ ತನ್ನನ್ನು ಪ್ರೀತಿಸುವವನೆಂದು ಬಲ್ಲವನೊಡನೆ ನಡೆಸುವ ಸ್ನೇಹವೆಂದು ತಿಳಿದಿದ್ದ ಆಕೆಗೆ, ಮಾತು ಹೊರಡದ ಆ ವರ್ಷಗಳಲ್ಲಿ ಸ್ನೇಹವಿತ್ತೇ ಇಲ್ಲವೇ ಎಂಬುದು ಜೀವದ ಪ್ರಶ್ನೆಯಾಗಿತ್ತು. ತೋಟದ ಹೋಲಿಕೆ ಅದಕ್ಕೆ ಅರ್ಧ ಉತ್ತರವನ್ನು ಮಾತ್ರ ಕೊಡಬಲ್ಲುದು: ನೀರಿಲ್ಲದಾಗಲೂ ಬಿಂದಿಗೆಯನ್ನು ಇಳಿಬಿಡುವ ತೋಟಗಾರ ಒಡೆಯನಿಗೆ ಪ್ರಿಯನು.

'ಅಂತರಂಗದ ಕೋಟೆ' ಪ್ರತಿಮೆಯನ್ನೇ ಬದಲಾಯಿಸುತ್ತದೆ. ಆತ್ಮ ಒಂದೇ ವಜ್ರದಿಂದ ಅಥವಾ ತಿಳಿಯಾದ ಸ್ಫಟಿಕದಿಂದ ಕಡೆದ ಕೋಟೆ. ಅದರಲ್ಲಿ ಅನೇಕ ನಿವಾಸಗಳು. ನಟ್ಟನಡುವಣ ನಿವಾಸದಲ್ಲಿ ಅರಸನಿದ್ದಾನೆ. ಬಾಗಿಲು ಪ್ರಾರ್ಥನೆ. ಹಲವರು ಹೊರಗೋಡೆಯ ಬಳಿ ಕಾವಲುಗಾರರ ನಡುವೆ ಬಾಳು ಸವೆಸುತ್ತಾರೆ. ಒಳಗೇನಿದೆ, ಯಾರಿದ್ದಾರೆ ಎಂಬುದನ್ನು ಅರಿಯರು. ಇಲ್ಲಿ ದೇವರು ಬರುವವನಲ್ಲ, ಮೊದಲಿನಿಂದಲೂ ಇರುವವನು. ನಡೆದು ಹೋಗಬೇಕಾದುದು ಮನುಷ್ಯ, ಅದೂ ತನ್ನೊಳಕ್ಕೆ. ನೀರು ಬತ್ತಬಹುದು, ನಡುಮನೆಯ ಅರಸ ಹೊರಟುಹೋಗುವುದಿಲ್ಲ. ಒಣಗಿದ ವರ್ಷಗಳ ಪ್ರಶ್ನೆಗೆ ಉಳಿದರ್ಧ ಉತ್ತರ ಈ ಪ್ರತಿಮೆಯಲ್ಲಿ ದೊರೆಯುತ್ತದೆ.

ಮೂಲದಲ್ಲಿರುವ 'ಮೊರಾದ' ಎಂಬ ಶಬ್ದವನ್ನು ಈ ಲೇಖನದಲ್ಲಿ 'ನೆಲೆ' ಎಂದು ಕನ್ನಡಿಸಿದ್ದೇನೆ. ಇದರಲ್ಲಿ ಒಂದು ತೊಡಕುಂಟು. ಕನ್ನಡದಲ್ಲಿ ನೆಲೆಯೆಂದರೆ ವಾಸಸ್ಥಾನವೂ ಹೌದು, ಉಪ್ಪರಿಗೆಯ ಅಂತಸ್ತೂ ಹೌದು. ಏಳು ನೆಲೆಯ ಕೋಟೆಯೆಂದೊಡನೆ ಮಹಡಿಯ ಮೇಲೆ ಮಹಡಿಯಾಗಿ ಏರುವ ಅರಮನೆಯೊಂದು ಕಣ್ಮುಂದೆ ನಿಲ್ಲುವುದು ಸಹಜ. ತೆರೇಸಾ ಈ ಅರ್ಥವನ್ನು ಸ್ಪಷ್ಟವಾಗಿ ತಡೆಯುತ್ತಾಳೆ. ನಿವಾಸಗಳು ಒಂದರ ಹಿಂದೊಂದು ಸಾಲಾಗಿಲ್ಲ. ಕುಳ್ಳುಜಾತಿಯ ತಾಳೆಗಿಡದ ತಿರುಳನ್ನು ಅನೇಕ ಪದರಗಳು ಸುತ್ತಿರುವಂತೆ ನಡುವಣ ಕೋಣೆಯನ್ನು ಸುತ್ತಿವೆ ಎಂದು ಮೊದಲನೆಯ ನೆಲೆಯಲ್ಲಿಯೇ ಹೇಳುತ್ತಾಳೆ. ಗ್ರಂಥದ ಕೊನೆಯಲ್ಲಿ ಮತ್ತೆ, ತಾನು ಏಳೆಂದು ಎಣಿಸಿದರೂ ಒಂದೊಂದರಲ್ಲಿಯೂ ಮೇಲೆ ಕೆಳಗೆ ಅಕ್ಕಪಕ್ಕಗಳಲ್ಲಿ ಬಹು ನಿವಾಸಗಳಿವೆ, ಉದ್ಯಾನ ಕಾರಂಜಿಗಳಿವೆ ಎನ್ನುತ್ತಾಳೆ. ಆದ್ದರಿಂದ ಏಳನ್ನು ಮೆಟ್ಟಿಲುಗಳೆಂದು ಬಗೆದು, ತಾನು ಎಷ್ಟನೆಯ ಮೆಟ್ಟಿಲಿನಲ್ಲಿದ್ದೇನೆ ಎಂದು ಕೇಳುವ ಓದುಗನು ಗ್ರಂಥವನ್ನು ತಪ್ಪು ದಿಕ್ಕಿನಿಂದ ಹಿಡಿದಿದ್ದಾನೆ.

ವೀರಶೈವರ ಷಟ್‌ಸ್ಥಲ ಸಿದ್ಧಾಂತವನ್ನು ಬಲ್ಲವರಿಗೆ ಇಲ್ಲಿ ಪರಿಚಿತ ಚರ್ಚೆಯೊಂದು ನೆನಪಾದೀತು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರನ್ನು ಸೋಪಾನವೆಂದು ಎಣಿಸುವವರಿದ್ದಾರೆ. ಒಂದೊಂದು ಸ್ಥಲದಲ್ಲಿಯೂ ಆರೂ ಅಡಗಿವೆಯೆಂದು ಹೇಳಿ ಮೂವತ್ತಾರನ್ನು ಎಣಿಸುವ ಕ್ರಮವೂ ಇದೆ. ತೆರೇಸಾಳ ಮನಸ್ಸು ಈ ಎರಡನೆಯ ಕ್ರಮಕ್ಕೆ ಹತ್ತಿರ. ಆದರೆ ಸಾಮ್ಯವನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ಐಕ್ಯದಲ್ಲಿ ಎರಡೆಂಬುದು ಅಳಿಯುತ್ತದೆ. ತೆರೇಸಾಳ ಏಳನೆಯ ನೆಲೆಯಲ್ಲಿ, ಮಳೆನೀರು ನದಿಗೆ ಬಿದ್ದಂತೆ ಎಂಬ ಹೋಲಿಕೆ ಬಂದರೂ, ಸೇವಿಸುವವನೂ ಸೇವೆಗೊಳ್ಳುವವನೂ ಉಳಿಯುತ್ತಾರೆ. ಮನುಷ್ಯನಾಗಿ ಬಾಳಿದ ಯೇಸುವನ್ನು ದಾಟಿ ನಿರಾಕಾರಕ್ಕೆ ಹೋಗಬೇಕೆಂಬ ಅಂದಿನ ಕೆಲವರ ಬೋಧೆಯನ್ನು ಆಕೆ ಆತ್ಮಚರಿತ್ರೆಯಲ್ಲಿಯೂ ಆರನೆಯ ನೆಲೆಯಲ್ಲಿಯೂ ಖಂಡಿಸಿದ್ದಾಳೆ.

೪

ಕೋಟೆಯ ಪ್ರತಿಮೆ ಗ್ರಂಥದ ಉದ್ದಕ್ಕೂ ಒಂದೇ ಸಮನೆ ನಿಲ್ಲುವುದಿಲ್ಲ. ನಾಲ್ಕನೆಯ ನೆಲೆಯಲ್ಲಿ ಕೋಟೆ ಮರೆಯಾಗಿ ಎರಡು ನೀರಿನ ತೊಟ್ಟಿಗಳು ಬರುತ್ತವೆ. ಒಂದಕ್ಕೆ ದೂರದಿಂದ ಕೊಳವೆಗಳಲ್ಲಿ, ಸದ್ದುಮಾಡುತ್ತ, ನೀರು ಬರಬೇಕು. ಮತ್ತೊಂದನ್ನು ಚಿಲುಮೆಯ ಮೇಲೆಯೇ ಕಟ್ಟಿರುವುದರಿಂದ ಅದು ಸದ್ದಿಲ್ಲದೆ ತುಂಬುತ್ತದೆ. ಐದನೆಯ ನೆಲೆಯಲ್ಲಿ ರೇಷ್ಮೆಯ ಹುಳು, ಆರರಲ್ಲಿ ವಧು, ಏಳರಲ್ಲಿ ಎರಡು ಮೇಣದ ಬತ್ತಿಗಳು ಒಂದೇ ಜ್ವಾಲೆಯಾಗಿ ಮತ್ತೆ ಬೇರೆಯಾಗಬಲ್ಲ ಹೋಲಿಕೆ, ಅದರ ಬೆನ್ನಿಗೇ ಬೇರೆಯಾಗಲಾರದ ಮಳೆ ಮತ್ತು ನದಿ. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇದು ದೋಷವೆನ್ನಬಹುದು. ಕಟ್ಟಡವನ್ನು ಆರಂಭಿಸಿದ ಶಿಲ್ಪಿ ನಡುವೆ ಅದನ್ನು ಬಿಟ್ಟು ಕೆರೆ ತೋಡಲು ಹೊರಟಂತೆ ಕಾಣುತ್ತದೆ.

ನನಗೆ ಇದು ಬರಿಯ ದೋಷವೆಂದು ತೋರುವುದಿಲ್ಲ. ಪ್ರತಿಮೆಗಳು ಬದಲಾಗುವುದು ಎಲ್ಲೆಲ್ಲೋ ಅಲ್ಲ. ಮನುಷ್ಯಪ್ರಯತ್ನದ ಎಲ್ಲೆ ಮುಗಿಯುವಲ್ಲಿ, ನಾಲ್ಕನೆಯ ನೆಲೆಯಲ್ಲಿ, ಬದಲಾವಣೆ ಆರಂಭವಾಗುತ್ತದೆ. ಮೊದಲ ಮೂರು ನೆಲೆಗಳಲ್ಲಿ ನಡೆಯಲು ಕೋಣೆಗಳಿವೆ, ತೆರೆಯಲು ಬಾಗಿಲುಗಳಿವೆ, ಒಳನುಗ್ಗುವ ಹಲ್ಲಿ ಹಾವುಗಳನ್ನು ಅಟ್ಟುವ ಕೆಲಸವಿದೆ. ಆ ಮುಂದಕ್ಕೆ ನಡೆಯುವವನ ನಡಿಗೆಯಿಂದ ದಾರಿ ಸಾಗದು. ನಡಿಗೆಯ ಪ್ರತಿಮೆ ಅಲ್ಲಿ ಮುರಿಯಲೇಬೇಕು. ಮುರಿಯದೆ ಉಳಿದಿದ್ದರೆ, ಕೃಪೆಯನ್ನೂ ನಡೆದು ಗಳಿಸಬಹುದೆಂಬ ತಪ್ಪು ತಿಳಿವಳಿಕೆಗೆ ಗ್ರಂಥವೇ ಎಡೆಗೊಡುತ್ತಿತ್ತು.

ರೇಷ್ಮೆಹುಳುವಿನ ಹೋಲಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿಪ್ಪುನೇರಳೆಯ ಎಲೆ ತಿಂದು ಬೆಳೆದ ಹುಳು ತಾನೇ ಗೂಡು ನೂತು ಅದರಲ್ಲಿ ಸಾಯುತ್ತದೆ. ಅದರಿಂದ ಬಿಳಿಯ ಚಿಟ್ಟೆಯೊಂದು ಹೊರಬರುತ್ತದೆ. ಗೂಡೇ ಕ್ರಿಸ್ತ, ಸಾಯುವುದು ಅಹಂಕಾರ. ತಾನು ಇದನ್ನು ಕಂಡವಳಲ್ಲ, ಕೇಳಿ ಬಲ್ಲೆ, ತಪ್ಪಿದ್ದರೆ ದೋಷ ತನ್ನದಲ್ಲ ಎಂದು ತೆರೇಸಾ ಮೊದಲೇ ಹೇಳಿಬಿಡುತ್ತಾಳೆ. ರಾಮನಗರ ಕೊಳ್ಳೇಗಾಲಗಳ ಕಡೆಯ ಬೇಸಾಯಗಾರನು ಇದನ್ನು ಓದಿದರೆ ನಕ್ಕಾನು. ನೂಲು ಬಿಚ್ಚುವ ಗೂಡಿನಿಂದ ಪತಂಗ ಹೊರಬರಲು ಯಾರೂ ಬಿಡುವುದಿಲ್ಲ. ಒಳಗಿನ ಜೀವವನ್ನು ಶಾಖದಿಂದ ಕೊಂದೇ ನೂಲು ತೆಗೆಯುತ್ತಾರೆ. ಬಿತ್ತನೆಗೆಂದು ಇಟ್ಟ ಗೂಡಿನಿಂದ ಮಾತ್ರ ಪತಂಗ ಹೊರಬರುತ್ತದೆ. ಬಂದ ಪತಂಗಕ್ಕೂ ಹಾರಲು ಬಾರದು. ತೆರೇಸಾಳ ಚಿಟ್ಟೆಯಾದರೋ ಕೂರಲು ತಾವಿಲ್ಲದೆ ಹಾರಾಡುತ್ತದೆ. ವಸ್ತುಸ್ಥಿತಿಗೆ ಹೋಲಿಕೆ ಹೊಂದದು ಎಂಬುದನ್ನು ಒಪ್ಪಬೇಕು. ಆದರೆ ಹೋಲಿಕೆಯ ಬೆಲೆ ಮುಂದಿನ ಬೆಳವಣಿಗೆಯಲ್ಲಿದೆ. ಆರನೆಯ ನೆಲೆಯುದ್ದಕ್ಕೂ ಚಡಪಡಿಸಿದ ಆ ಚಿಟ್ಟೆ ಏಳನೆಯ ನೆಲೆಯಲ್ಲಿ ಸಾಯುತ್ತದೆ. ಹುಳು ಸತ್ತುದು ಸಾಲದು. ಹುಳುವಿನ ಸಾವಿನಿಂದ ಹುಟ್ಟಿದ ಸುಂದರ ಚೇತನವೂ, ತನ್ನ ಹಂಬಲ ತನ್ನ ಹಾರಾಟಗಳೊಡನೆ, ಸಾಯಬೇಕು. ಭಕ್ತಿಯ ಚಡಪಡಿಕೆಯನ್ನೇ ಭಕ್ತಿಯ ಶಿಖರವೆಂದು ಹಾಡುವ ಸಾಹಿತ್ಯ ವಿಪುಲವಾಗಿದೆ. ಆ ಚಡಪಡಿಕೆಗೂ ಒಂದು ಕೊನೆಯುಂಟೆಂದು ಹೇಳಿದುದು ಈ ಗ್ರಂಥದ ವೈಶಿಷ್ಟ್ಯ.

೫

ಇನ್ನು ಒರೆಗಲ್ಲಿನ ವಿಷಯ. ಗ್ರಂಥದಲ್ಲಿ ಇಪ್ಪತ್ತೇಳು ಅಧ್ಯಾಯಗಳಿವೆ. ಅವುಗಳಲ್ಲಿ ಆರನೆಯ ನೆಲೆಯೊಂದಕ್ಕೇ ಹನ್ನೊಂದು ಮೀಸಲು. ದರ್ಶನಗಳು, ಕಿವಿಗೆ ಕೇಳಿದಂತಾಗುವ ದೇವವಾಕ್ಯಗಳು, ಪರವಶತೆ, ಮೈ ಮೇಲಕ್ಕೆ ಎದ್ದಂತಾಗುವುದು ಎಲ್ಲವೂ ಇಲ್ಲಿಯೇ ಬರುತ್ತವೆ. ಬೆರ್ನಿನಿಯ ಪ್ರತಿಮೆಯಿಂದ ತೆರೇಸಾಳನ್ನು ಅರಿತವರು ಇಲ್ಲಿ ತಮಗೆ ಬೇಕಾದುದನ್ನು ಕಂಡು ತೃಪ್ತರಾಗುತ್ತಾರೆ. ಈ ಪ್ರಮಾಣದೋಷವನ್ನು ಸಮರ್ಥಿಸುವುದು ಕಷ್ಟ. ಲೇಖಕಿಗೆ ತಿರುಗಿ ಓದಿ ತಿದ್ದುವ ಅವಕಾಶವಿದ್ದಿದ್ದರೆ ಈ ಭಾಗ ಖಂಡಿತವಾಗಿ ಸಂಕ್ಷೇಪಗೊಳ್ಳುತ್ತಿತ್ತು.

ಆದರೆ ಈ ಹನ್ನೊಂದು ಅಧ್ಯಾಯಗಳ ಸ್ವರವನ್ನು ಗಮನಿಸಬೇಕು. ಇಲ್ಲಿ ವರ್ಣನೆಗಿಂತ ಪರೀಕ್ಷೆಯೇ ಹೆಚ್ಚು. ಕೇಳಿಸಿದ ಮಾತು ದೇವರದೋ, ಸೈತಾನನದೋ, ಸ್ವಂತ ಕಲ್ಪನೆಯದೋ? ಹೊಟ್ಟೆಗಿಲ್ಲದೆ ನಿದ್ದೆಗೆಟ್ಟು ಬಳಲಿದವಳ ಮಂಪರನ್ನು ಪರವಶತೆಯೆಂದು ಭ್ರಮಿಸಲಾಗಿದೆಯೇ? ಅಂಥವಳನ್ನು ಚೆನ್ನಾಗಿ ಉಣಿಸಿ ಮಲಗಿಸಬೇಕು, ಪ್ರಾರ್ಥನೆಯ ಹೊತ್ತನ್ನು ಕಡಿಮೆ ಮಾಡಬೇಕು ಎಂದು ನಾಲ್ಕನೆಯ ನೆಲೆಯಲ್ಲಿ ಆಕೆ ಕೊಡುವ ಸಲಹೆ ಮಠದ ಹಿರಿಯಳೊಬ್ಬಳ ವ್ಯವಹಾರಜ್ಞಾನದಿಂದ ಬಂದುದು. ತನ್ನ ವಿಷಯದಲ್ಲಿಯೂ ಆಕೆಗೆ ಇದೇ ಎಚ್ಚರ. ಬರೆಯುತ್ತಿರುವಾಗ ತಲೆಯೊಳಗೆ ತುಂಬಿದ ಹೊಳೆಗಳ ಭೋರ್ಗರೆತವಿದೆ ಎನ್ನುತ್ತಾಳೆ. ಅದನ್ನು ದಿವ್ಯನಾದವೆಂದು ಹೇಳಿಕೊಳ್ಳುವುದು ಎಷ್ಟು ಸುಲಭವಿತ್ತು! ಆಕೆ ಅದನ್ನು ತಲೆನೋವೆಂದೇ ಕರೆದು, ಆ ಗದ್ದಲದ ನಡುವೆಯೂ ಒಳಗಿನ ಪ್ರಾರ್ಥನೆ ಕದಡುವುದಿಲ್ಲವೆಂಬ ಅಂಶವನ್ನಷ್ಟೇ ಗಮನಿಸುತ್ತಾಳೆ. ಮನಸ್ಸಿನ ಅಲೆದಾಟವೇ ಪ್ರಾರ್ಥನೆಯ ಸೋಲಲ್ಲವೆಂಬ ತೀರ್ಮಾನಕ್ಕೆ ಈ ತಲೆನೋವೇ ನಿದರ್ಶನವಾಯಿತು.

ಆಕೆಯ ನಿಜವಾದ ಕಟುತ್ವ ವ್ಯಕ್ತವಾಗುವುದು ಮೂರನೆಯ ನೆಲೆಯಲ್ಲಿ. ಇಲ್ಲಿಯವರು ಒಳ್ಳೆಯವರು: ನಿಯಮ ತಪ್ಪದವರು, ದಾನ ಮಾಡುವವರು, ಮನೆ ಮಾತುಗಳನ್ನು ಹದವಾಗಿಟ್ಟುಕೊಂಡವರು. ಮಕ್ಕಳಿಲ್ಲದ ಧನಿಕನೊಬ್ಬನಿಗೆ ಆಸ್ತಿಯಲ್ಲಿ ಸ್ವಲ್ಪ ನಷ್ಟವಾಗುತ್ತದೆ. ಉಳಿದುದು ಬಾಳಿಗೆ ಬೇಕಾದುದಕ್ಕಿಂತ ಹೆಚ್ಚು. ಆದರೂ ಹೊಟ್ಟೆಗೆ ಹಿಟ್ಟಿಲ್ಲದವನಂತೆ ಅವನು ಕಳವಳಪಡುತ್ತಾನೆ. ಇಂಥವರು ದೇವರ ಪ್ರೀತಿಯಲ್ಲಿ ಬುದ್ಧಿ ತಪ್ಪುವುದೇ ಇಲ್ಲ. ಎಲ್ಲವನ್ನೂ ತೂಗಿ ಅಳೆದು ನಡೆಯುತ್ತಾರೆ. ಅದರಿಂದಲೇ ಒಳಕ್ಕೆ ಹೋಗಲಾರರು. ಪಾಪಿಗಳ ಮೇಲೆ ತೋರದ ವ್ಯಂಗ್ಯವನ್ನು ತೆರೇಸಾ ಈ ಸಜ್ಜನರ ಮೇಲೆ ತೋರುತ್ತಾಳೆ. ಪ್ರಾಮಾಣಿಕನಾದ ಓದುಗನು ತನ್ನ ಮುಖವನ್ನು ಬಹುಶಃ ಈ ನೆಲೆಯಲ್ಲಿಯೇ ಕಾಣುವನು.

ಹಾಗಾದರೆ ಒರೆಗಲ್ಲು ಯಾವುದು? ಐದನೆಯ ನೆಲೆಯ ಮೂರನೆಯ ಅಧ್ಯಾಯದಲ್ಲಿ ಅದನ್ನು ನೇರವಾಗಿ ಹೇಳಲಾಗಿದೆ. ದೇವರನ್ನು ಪ್ರೀತಿಸುತ್ತಿದ್ದೇವೆಯೇ ಎಂಬುದನ್ನು ನಾವು ನಿಶ್ಚಯವಾಗಿ ಅರಿಯಲಾರೆವು. ನೆರೆಯವರನ್ನು ಪ್ರೀತಿಸುತ್ತಿದ್ದೇವೆಯೇ ಎಂಬುದನ್ನು ಅರಿಯಬಲ್ಲೆವು. ಪ್ರಾರ್ಥನೆಯಲ್ಲಿ ಮುಸುಕು ಹಾಕಿಕೊಂಡು, ದೊರೆತ ಸುಖ ಎಲ್ಲಿ ಜಾರೀತೋ ಎಂದು ಮೈ ಅಲುಗಿಸದೆ ಕುಳಿತ ಸೋದರಿಯನ್ನು ಕಂಡು ಆಕೆಗೆ ನಗುವೂ ಬರುತ್ತದೆ, ಮರುಕವೂ ಬರುತ್ತದೆ. ಪಕ್ಕದಲ್ಲಿ ಕಾಯಿಲೆಯವಳಿದ್ದರೆ ಆ ಸುಖವನ್ನು ಬಿಟ್ಟೆದ್ದು ಅವಳ ಆರೈಕೆ ಮಾಡಬೇಕು. ಅಗತ್ಯವಾದರೆ ತನ್ನ ಊಟವನ್ನು ಅವಳಿಗೆ ಕೊಡಬೇಕು. ದೇವರೊಡನೆ ಒಂದಾಗುವುದೆಂದರೆ ಅದು.

ಏಳನೆಯ ನೆಲೆ ಈ ಮಾತಿನ ಪರಿಪಾಕ. ಅಲ್ಲಿಯ ಲಕ್ಷಣಗಳನ್ನು ಆಕೆ ಎಣಿಸುತ್ತಾಳೆ: ತನ್ನನ್ನು ತಾನು ಮರೆಯುವುದು, ಸತ್ತು ದೇವರನ್ನು ಸೇರಬೇಕೆಂಬ ಹಿಂದಿನ ಆತುರ ಅಡಗಿ, ಬದುಕಿ ಸೇವೆ ಮಾಡಬೇಕೆಂಬ ಬಯಕೆ ಮೂಡುವುದು, ಹಿಂಸಿಸುವವರಲ್ಲಿ ದ್ವೇಷವಿಲ್ಲದಿರುವುದು, ಪರವಶತೆಗಳು ಬಹುಮಟ್ಟಿಗೆ ನಿಂತುಹೋಗುವುದು. ಕೊನೆಯ ಅಧ್ಯಾಯದಲ್ಲಿ ಲೂಕನ ಸುವಾರ್ತೆಯ ಅಕ್ಕತಂಗಿಯರಾದ ಮಾರ್ಥ ಮರಿಯರು ಬರುತ್ತಾರೆ. ಯೇಸುವಿನ ಪಾದದ ಬಳಿ ಕುಳಿತ ಮರಿಯಳನ್ನು ಹೊಗಳಿ, ಅಡುಗೆಯ ಗಡಿಬಿಡಿಯಲ್ಲಿದ್ದ ಮಾರ್ಥಳನ್ನು ಕೆಳಗಿಡುವುದು ಧ್ಯಾನಮಾರ್ಗದ ಹಳೆಯ ವಾಡಿಕೆ. ತೆರೇಸಾ ಇಬ್ಬರೂ ಕೂಡಿಯೇ ಇರಬೇಕೆನ್ನುತ್ತಾಳೆ. ಅತಿಥಿಗೆ ಊಟವಿಡದಿದ್ದರೆ ಅದೆಂತಹ ಸತ್ಕಾರ? ಕೋಟೆಯ ನಡುಮನೆಯನ್ನು ಮುಟ್ಟಿದವಳು ಅಲ್ಲಿ ಕುಳಿತಿರುವುದಿಲ್ಲ. ಅರಸನ ಬಳಿಯಿಂದ ಬಲವನ್ನು ಪಡೆದು ಹೊರಗಿನ ಕೆಲಸಕ್ಕೆ ಮರಳುತ್ತಾಳೆ. ಒಳದಾರಿಯ ಕೊನೆ ಹೊರಬಾಗಿಲಲ್ಲಿದೆ.

೬

ಈ ಗ್ರಂಥದ ಮೇಲೆ ಬಂದಿರುವ ಆಕ್ಷೇಪಗಳಲ್ಲಿ ಎರಡನ್ನು ಪರಿಶೀಲಿಸಬಹುದು. ವಿಲಿಯಂ ಜೇಮ್ಸ್ ಧಾರ್ಮಿಕ ಅನುಭವದ ವೈವಿಧ್ಯಗಳನ್ನು ಕುರಿತ ೧೯೦೨ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ತೆರೇಸಾಳ ಬುದ್ಧಿಯನ್ನೂ ಕಾರ್ಯಶಕ್ತಿಯನ್ನೂ ಬರವಣಿಗೆಯನ್ನೂ ಮೆಚ್ಚಿ, ಇಂತಹ ಚೈತನ್ಯ ಕ್ಷುದ್ರವಾದ ಗುರಿಗೆ ವ್ಯಯವಾಯಿತೆಂದು ಮರುಗಿದನು. ಆಕೆಯ ಧರ್ಮ ಭಕ್ತಳಿಗೂ ದೇವರಿಗೂ ನಡುವಣ ಪ್ರಣಯಲೀಲೆಯಾಗಿ ಅವನಿಗೆ ಕಂಡಿತು. ಆಶ್ಚರ್ಯವೆಂದರೆ, ಅನುಭವವನ್ನು ಅದರ ಮೂಲದಿಂದಲ್ಲ, ಫಲದಿಂದ ಅಳೆಯಬೇಕೆಂಬ ತನ್ನ ತತ್ತ್ವಕ್ಕೆ ಅದೇ ಗ್ರಂಥದ ಮೊದಲನೆಯ ಉಪನ್ಯಾಸದಲ್ಲಿ ಅವನು ತೆರೇಸಾಳನ್ನೇ ಸಾಕ್ಷಿಯಾಗಿ ಕರೆದಿದ್ದಾನೆ. ಅವನ ಅಳತೆಗೋಲು ಅವಳದೇ. ಅವಳು ಅದನ್ನು ತನ್ನ ಮೇಲೆ ಎಷ್ಟು ನಿಷ್ಠುರವಾಗಿ ಪ್ರಯೋಗಿಸಿಕೊಂಡಳೆಂಬುದನ್ನು, ಏಳನೆಯ ನೆಲೆಯನ್ನು ತೂಗಿ ನೋಡಿದ್ದರೆ, ಅವನು ಕಾಣುತ್ತಿದ್ದನು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು, ಅದನ್ನು ನಾನೂ ಪೂರ್ಣವಾಗಿ ಪರಿಹರಿಸಲಾರೆ. ನೆರೆಯವರ ಪ್ರೀತಿಯೇ ಪ್ರಮಾಣವಾದರೆ, ಆ ನೆರೆಯವರು ಯಾರು? ಗ್ರಂಥದ ಉದಾಹರಣೆಗಳಲ್ಲಿ ಅವರು ಬಹುಪಾಲು ಮಠದ ಸೋದರಿಯರು. ತೆರೇಸಾಳ ಸೋದರರು ಸಮುದ್ರ ದಾಟಿ ಅಮೆರಿಕದ ಸ್ಪೇನಿಷ್ ವಸಾಹತುಗಳಿಗೆ ಹೋದವರು. ೧೫೬೨ರಲ್ಲಿ ಆಕೆ ಸ್ಥಾಪಿಸಿದ ಮೊದಲ ಮಠಕ್ಕೆ ಕೀಟೊ ನಗರದಲ್ಲಿದ್ದ ತಮ್ಮ ಲೊರೆಂಜೊ ಕಳುಹಿಸಿದ ಹಣ ನೆರವಾಯಿತು. ಆ ಹಣದ ಹಿಂದಿದ್ದ ಮೂಲನಿವಾಸಿಗಳ ದುಡಿಮೆ ಈ ಕೋಟೆಯ ಯಾವ ಕೋಣೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆ ನಾಡಿನ ಜನರ ಆತ್ಮಗಳಿಗಾಗಿ ತಾನು ಅತ್ತುದನ್ನು ಆಕೆ ಬೇರೊಂದು ಗ್ರಂಥದಲ್ಲಿ ಬರೆದಿರುವಳಾದರೂ, ಅವರ ಬವಣೆಯ ಪ್ರಶ್ನೆ ಒರೆಗಲ್ಲಿಗೆ ಬಂದಿಲ್ಲ. ಕೋಟೆ, ಅರಸ, ಕಾವಲುಗಾರರು ಎಂಬ ಪ್ರತಿಮೆಯೂ ಆಕೆ ಖಂಡಿಸಿದ ಕುಲಗೌರವದ ಲೋಕದಿಂದಲ್ಲದೆ ಬೇರೆಲ್ಲಿಂದಲೂ ಬಂದುದಲ್ಲ. ಒರೆಗಲ್ಲು ಸರಿಯಾದುದೇ, ಅದನ್ನು ಹಿಡಿದ ಕೈ ಎಷ್ಟು ದೂರ ಚಾಚಿತೆಂಬುದು ಬೇರೆಯ ಮಾತು. ಈ ಮಿತಿಯನ್ನು ಗುರುತಿಸಲು ನಮಗೆ ಮಾನದಂಡವನ್ನು ಕೊಡುವುದೂ ಈ ಗ್ರಂಥವೇ ಎಂಬುದನ್ನು ಮಾತ್ರ ಮರೆಯಲಾಗದು.

ಕ್ರೈಸ್ತನಲ್ಲದ ಓದುಗನಿಗೆ ಈ ಗ್ರಂಥದಿಂದೇನು ಎಂಬ ಪ್ರಶ್ನೆ ಉಳಿಯುತ್ತದೆ. ನಡುಮನೆಯಲ್ಲಿ ಅರಸನಿದ್ದಾನೆಂಬ ಆಕೆಯ ನಂಬುಗೆಯನ್ನು ವಿಮರ್ಶೆ ಸಾಧಿಸಲಾರದು, ಅಲ್ಲಗಳೆಯಲೂ ಆರದು. ಆದರೆ ಆ ನಂಬುಗೆಯುಳ್ಳವಳು ತನ್ನ ಅನುಭವವನ್ನು ಹೇಗೆ ನಡೆಸಿಕೊಂಡಳೆಂಬುದು ವಿಮರ್ಶೆಯ ಎಲ್ಲೆಯೊಳಗಿನ ವಿಷಯ. ಆಳಕ್ಕಿಳಿದೆನೆಂದು ಹೇಳುವ ಬರಹಗಳು ಬಹಳ. ತಾನಿಳಿದುದು ಆಳವೋ, ಆಳದ ಭ್ರಮೆಯೋ ಎಂದು ಪುಟಪುಟದಲ್ಲಿ ಕೇಳಿಕೊಂಡು, ಉತ್ತರಕ್ಕಾಗಿ ತನ್ನೊಳಗನ್ನು ಬಿಟ್ಟು ಪಕ್ಕದ ಹಾಸಿಗೆಯಲ್ಲಿ ನರಳುವವಳ ಕಡೆಗೆ ತಿರುಗಿದ ಬರಹ ಅಪರೂಪ. ೧೫೮೮ರಲ್ಲಿ, ಲೇಖಕಿ ತೀರಿಕೊಂಡ ಆರು ವರ್ಷಗಳ ಮೇಲೆ, ಧರ್ಮವಿಚಾರಣಾ ಮಂಡಳಿಯ ಸೆರೆಯನ್ನು ತಾನೂ ಕಂಡಿದ್ದ ಪಂಡಿತ ಲೂಯಿಸ್ ದೆ ಲೆಯೋನ್ ಸಾಲಮಾಂಕಾ ನಗರದಲ್ಲಿ ಆಕೆಯ ಗ್ರಂಥಗಳನ್ನು ಅಚ್ಚು ಹಾಕಿಸಿದನು. ಪುಸ್ತಕಗಳನ್ನು ಕಸಿದುಕೊಂಡ ಕಾಲ ಆಕೆಯ ಪುಸ್ತಕವನ್ನು ಕಸಿಯಲಾರದೆ ಹೋಯಿತು. ಕನ್ನಡದ ಓದುಗರು ಆಕೆಯನ್ನು ಶಿಲ್ಪದಿಂದಲ್ಲ, ಈ ಗ್ರಂಥದಿಂದ ಅರಿಯುವಂತಾಗಲಿ ಎಂಬುದು ಈ ಲೇಖನದ ಹಾರೈಕೆ.